ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆಯಲ್ಲಿ ಫೇಲಾದ ವಕೀಲೆ: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ತಿರ ಬರುವವರಲ್ಲಿ ಪರೀಕ್ಷೆಯ ತಲೆಬಿಸಿ ಹೊತ್ತು ಬರುವವರೇ ಜಾಸ್ತಿ. ಆಪ್ತಸಲಹೆಗೆ ಬರುವ ಮೊದಲು ಲಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಹಾಗಾಗಿ ಕಾನೂನು ಓದಿದವರು ಹುಡುಕಿಕೊಂಡು ಬರುತ್ತಾರೆ. ಈ ಪ್ರಕರಣ ಅಂಥ ಒಬ್ಬ ವಕೀಲೆಯದು, ಬರೆಯಲು ಆಕೆಯ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆ ಉತ್ತರ ಕರ್ನಾಟಕದ ಜಿಲ್ಲಾ ಕೋರ್ಟೊಂದರಲ್ಲಿ ಕೆಲವು ವರ್ಷ ಪ್ರಾಕ್ಟೀಸ್ ಮಾಡಿದವರು. ಮದುವೆಯಾಗಿ ಗಂಡನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಬೇರೆ ದೇಶದಲ್ಲಿ ಈಗಾಗಲೇ ವಕೀಲರಾಗಿರುವವರು ಅಲ್ಲಿ ಮತ್ತೆ ಲಾ ಓದಬೇಕಿಲ್ಲ, ವಕೀಲಿಕೆ ಮಾಡಲು ಪಾಸಾಗಬೇಕಾದ ಬಾರ್ ಪರೀಕ್ಷೆಗೆ ನೇರವಾಗಿ ಕೂರಬಹುದು. ಈಕೆಯೂ ಜುಲೈನಲ್ಲಿ ಕೂತರು. ನವೆಂಬರ್‌ನಲ್ಲಿ ಫಲಿತಾಂಶ ಬಂತು. ಫೇಲ್.

ಮೊದಲ ವಿಡಿಯೋ ಕಾಲ್‌ನಲ್ಲೇ ತೀರ್ಪು ಕೊಟ್ಟುಬಿಟ್ಟರು. "ಮೇಡಂ, ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ನನ್ನ ಇಂಗ್ಲಿಷ್‌ಗೆ ಇವರ ಎಸ್ಸೆ ಆಗೋದಲ್ಲ." ಊರಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ "ಏನವ್ವಾ, ಪರೀಕ್ಷಾ ಏನಾತು?" ಅಂತ ಕೇಳುತ್ತಾರಂತೆ. ಅತ್ತೆ ಕೇಳುವುದು ಪ್ರೀತಿಯಿಂದಲೇ. ಆದರೂ ಫೋನ್ ಇಟ್ಟ ಮೇಲೆ ಆವತ್ತು ಪುಸ್ತಕ ತೆರೆಯಲು ಮನಸ್ಸಾಗುವುದಿಲ್ಲ.

ಅಳು, ಸಂಕಟ ಎಲ್ಲ ಕೇಳಿಸಿಕೊಂಡೆ. ಅದಕ್ಕೆ ಸಮಯ ಕೊಡಲೇಬೇಕು. ಆದರೆ ಫೇಲಾದವರಿಗೆ ಬರೀ ಧೈರ್ಯ ಹೇಳಿ ಕಳಿಸಿದರೆ ಏನೂ ಉಪಯೋಗವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಂಕಪಟ್ಟಿ ಕಳಿಸಿ ಅಂದೆ.

ಅಲ್ಲಿನ ಪರೀಕ್ಷೆ ಎರಡು ದಿನದ್ದು. ಮೊದಲ ದಿನ ಒಂದೊಂದು ಗಂಟೆಯ ಐದು ಎಸ್ಸೆ, ಜೊತೆಗೆ ಒಂದೂವರೆ ಗಂಟೆಯ ಒಂದು ಪರ್ಫಾರ್ಮೆನ್ಸ್ ಟೆಸ್ಟ್, ಅಂದರೆ ಕೊಟ್ಟ ಕಡತ ಓದಿ ವಕೀಲರಂತೆ ಬರೆದು ತೋರಿಸುವುದು. ಎರಡನೇ ದಿನ 200 ಬಹು ಆಯ್ಕೆ ಪ್ರಶ್ನೆ. ಬರವಣಿಗೆಗೆ ಅರ್ಧ ತೂಕ, ಬಹು ಆಯ್ಕೆಗೆ ಅರ್ಧ. 2000ಕ್ಕೆ 1390 ಬೇಕು. ಪ್ರತಿ ಎಸ್ಸೆಗೂ 40ರಿಂದ 100ರ ಒಳಗೆ, ಐದೈದರ ಅಂತರದಲ್ಲಿ ಅಂಕ ಕೊಡುತ್ತಾರೆ. ಒಂದೊಂದರಲ್ಲೂ 65ರ ಆಸುಪಾಸು ಬಂದರೆ ದಡ ಸೇರಬಹುದು. ಈಕೆಗೆ ಬಹು ಆಯ್ಕೆಯಲ್ಲಿ ಚೆನ್ನಾಗೇ ಬಂದಿತ್ತು. ಎಸ್ಸೆಯಲ್ಲಿ 55, 50, 55, 50, ಕೊನೆಯದರಲ್ಲಿ 45.

ಆ ಬಹು ಆಯ್ಕೆ ಪ್ರಶ್ನೆಗಳೂ ಇಂಗ್ಲಿಷಿನಲ್ಲೇ ಇರುವುದಲ್ವಾ? ಉದ್ದುದ್ದ ಕಥೆ ಓದಿ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಭಾಷೆ ಬರದಿದ್ದರೆ ಅಲ್ಲೇ ಮುಗ್ಗರಿಸುತ್ತಿದ್ದರು. ಇದನ್ನು ಹೇಳಿದಾಗ ಸುಮ್ಮನಾದರು. ಒಪ್ಪಿದರು ಅಂತಲ್ಲ, ಸುಮ್ಮನಾದರು ಅಷ್ಟೆ.

ಆಮೇಲೆ ಅಭ್ಯಾಸಕ್ಕೆ ಬರೆದ ಒಂದು ಉತ್ತರ ತರಿಸಿಕೊಂಡೆ. ಪ್ರಶ್ನೆ ಸಾಕ್ಷ್ಯದ ಮೇಲಿತ್ತು. ಚಾಕು ಇರಿತಕ್ಕೆ ಸಿಕ್ಕ ಅಂಗಡಿಯವನು ಆಸ್ಪತ್ರೆಯಲ್ಲಿ ನರ್ಸ್‌ಗೆ ಹೇಳುತ್ತಾನೆ: "ಕೆಂಪು ಜಾಕೆಟ್‌ನವನೇ ಇರಿದದ್ದು. ನಾಳೆ ನಾನು ಮನೆಗೆ ಹೋಗಬಹುದಲ್ವಾ?" ಅದೇ ರಾತ್ರಿ ಸಾಯುತ್ತಾನೆ. ಕೊಲೆ ಕೇಸಿನಲ್ಲಿ ನರ್ಸ್ ಆ ಮಾತನ್ನು ಕೋರ್ಟಿನಲ್ಲಿ ಹೇಳಬಹುದಾ?

ಆಕೆ ಎರಡು ಪುಟ ಬರೆದಿದ್ದರು. ಮೊದಲ ಅರ್ಧ ಪುಟ ಸಾಕ್ಷ್ಯ ಅಂದರೇನು ಅಂತ. ಆಮೇಲೆ ಹಿಯರ್‌ಸೇ (ಕೋರ್ಟಿನ ಹೊರಗೆ ಬೇರೆಯವರು ಆಡಿದ ಮಾತನ್ನು ಸಾಕ್ಷ್ಯವಾಗಿ ತರುವುದು) ಅಂದರೇನು, ಅದನ್ನು ಯಾಕೆ ಒಪ್ಪುವುದಿಲ್ಲ, ಅದಕ್ಕೆ ಎಷ್ಟು ವಿನಾಯಿತಿ ಇವೆ. ಎಲ್ಲ ಸರಿಯಾಗೇ ಇತ್ತು. ಕೊನೆಗೆ ಒಂದೇ ಸಾಲು: ಇದು ಡೈಯಿಂಗ್ ಡಿಕ್ಲರೇಷನ್ (ಸಾಯುವವರ ಹೇಳಿಕೆ), ಆದ್ದರಿಂದ ಒಪ್ಪಬಹುದು.

ನಾನು ಕೇಳಿದೆ: "ನಾಳೆ ಮನೆಗೆ ಹೋಗಬಹುದಲ್ವಾ ಅಂತ ಅವನು ಕೇಳಿದ್ದನ್ನು ಎಲ್ಲಿ ಬರೆದಿದ್ದೀರಿ?"

ಬರೆದಿರಲಿಲ್ಲ. ಪ್ರಶ್ನೆಯ ಪ್ರಾಣವೇ ಆ ಮಾತಿನಲ್ಲಿತ್ತು. ನಮ್ಮಲ್ಲಿ ಸಾಯುತ್ತೇನೆ ಅನ್ನುವ ಭಯ ಅವನಿಗೆ ಇರಲಿ ಬಿಡಲಿ, ಸಾವಿನ ಕಾರಣದ ಬಗ್ಗೆ ಹೇಳಿದ ಮಾತು ನಡೆಯುತ್ತದೆ. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಂ ಹಾಗೇ ಹೇಳುತ್ತಿತ್ತು, 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಹಾಗೇ ಇದೆ. ಅಮೆರಿಕದಲ್ಲಿ, ಫೆಡರಲ್ ನಿಯಮ ಇರಲಿ, ಕ್ಯಾಲಿಫೋರ್ನಿಯಾದ ಎವಿಡೆನ್ಸ್ ಕೋಡ್ ಇರಲಿ, ಸಾವು ಹತ್ತಿರ ಬಂತು ಅನ್ನುವ ನಂಬಿಕೆ ಹೇಳಿದವನಿಗೆ ಇರಲೇಬೇಕು. ನಾಳೆ ಮನೆಗೆ ಹೋಗುವ ಯೋಚನೆಯಲ್ಲಿದ್ದವನಿಗೆ ಆ ನಂಬಿಕೆ ಎಲ್ಲಿತ್ತು? ಇದನ್ನು ಬರೆದು, ಇನ್ನೊಂದು ಕಡೆಯವರು ಗಾಯದ ತೀವ್ರತೆ ತೋರಿಸಿ ಏನು ವಾದಿಸುತ್ತಾರೆ ಅಂತಲೂ ಬರೆದು, ಅದು ನಿಲ್ಲದಿದ್ದರೆ ಇರಿತದ ಆಘಾತದಲ್ಲಿ ಬಾಯಿಂದ ಬಂದ ಮಾತು ಅನ್ನುವ ಬೇರೆ ವಿನಾಯಿತಿಯಲ್ಲಾದರೂ ಒಳಗೆ ತರಬಹುದಾ ಅಂತ ನೋಡಬೇಕಿತ್ತು. ಅಂಕ ಇರುವುದು ಅಲ್ಲಿ.

ತಮಾಷೆ ಏನೆಂದರೆ, ಆ ನಿಯಮ ಆಕೆಗೆ ಗೊತ್ತಿತ್ತು. ಬಹು ಆಯ್ಕೆಯಲ್ಲಿ ಸರಿಯಾಗೇ ಟಿಕ್ ಹಾಕುತ್ತಿದ್ದರು. ಎಸ್ಸೆ ಬರೆಯುವಾಗ ಮಾತ್ರ ಕೈ ಹಳೇ ದಾರಿ ಹಿಡಿಯುತ್ತಿತ್ತು. ನಮ್ಮ ಲಾ ಪರೀಕ್ಷೆಗಳು ಕಲಿಸುವುದೇ ಹಾಗೆ: ಪೀಠಿಕೆ ಹಾಕು, ವ್ಯಾಖ್ಯೆ ಬರೆ, ಕಲಂ ನಂಬರ್ ಬರೆದು ಅಡಿಗೆರೆ ಎಳೆ, ಕೇಸಿನ ಹೆಸರು ಹಾಕು, ಸಾಧ್ಯವಾದಷ್ಟು ಪುಟ ತುಂಬಿಸು. ವಕೀಲರಾಗಲು ಬರೆಯುವ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಂತೂ ಎಸ್ಸೆಯೇ ಇಲ್ಲ, ಪೂರ್ತಿ ಟಿಕ್. ಕೊಟ್ಟ ಕಥೆಯನ್ನು ಬಿಡಿಸಿ, ಗಂಟೆಯೊಳಗೆ ಎರಡೂ ಕಡೆ ವಾದ ಬರೆಯುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಮಾತಾಡುತ್ತಾ ಮಾತಾಡುತ್ತಾ ಇನ್ನೊಂದು ವಿಷಯ ಹೊರಬಂತು. ಕೊನೆಯ ಎಸ್ಸೆಗೆ ಯಾಕೆ 45? ಟೈಪಿಂಗ್! ಅಲ್ಲಿ ಹೆಚ್ಚಿನವರು ಲ್ಯಾಪ್‌ಟಾಪ್‌ನಲ್ಲೇ ಬರೆಯುತ್ತಾರೆ, ಈಕೆಯೂ ಹಾಗೇ ಬರೆದಿದ್ದರು. ಈಕೆ ಊರಿನಲ್ಲಿ ದಾವೆ, ತಕರಾರು, ಅರ್ಜಿ ಯಾವುದನ್ನೂ ತಾವೇ ಟೈಪ್ ಮಾಡಿದವರಲ್ಲ. ಕೋರ್ಟ್ ಆವರಣದ ಟೈಪಿಸ್ಟ್ ಪಕ್ಕ ನಿಂತು ಬಾಯಲ್ಲಿ ಹೇಳಿ ಬರೆಸಿದವರು. ಎರಡು ಬೆರಳಿನಲ್ಲಿ ಕುಟ್ಟುತ್ತಾ ಪ್ರತಿ ಎಸ್ಸೆಗೂ ಹತ್ತು ನಿಮಿಷ ಜಾಸ್ತಿ ತೆಗೆದುಕೊಂಡರೆ ಕೊನೆಯದಕ್ಕೆ ಏನು ಉಳಿಯುತ್ತದೆ ಹೇಳಿ.

ನಾನು ಕೊಟ್ಟ ಸಲಹೆ ಇದು. ಪುಸ್ತಕ ಓದುವ ಹೊತ್ತು ಅರ್ಧಕ್ಕೆ ಇಳಿಸಿ, ಬರೆಯಲು ಶುರು ಮಾಡಿ. ಅಲ್ಲಿನ ಸ್ಟೇಟ್ ಬಾರ್ ಹಳೆಯ ಎಸ್ಸೆ ಪ್ರಶ್ನೆಗಳನ್ನು, ಅಭ್ಯರ್ಥಿಗಳೇ ಬರೆದ ಆಯ್ದ ಉತ್ತರಗಳ ಸಮೇತ, ಪ್ರಕಟಿಸುತ್ತದೆ. ದುಡ್ಡು ಕೊಡಬೇಕಿಲ್ಲ. ಆಕೆ ಆ ಉತ್ತರಗಳನ್ನು ಮೊದಲೇ ಓದಿ, "ಅಯ್ಯೋ, ಹೀಗೆ ನನ್ನಿಂದಾಗಲ್ಲ" ಅಂತ ಕೈಚೆಲ್ಲುತ್ತಿದ್ದರು. ಮೊದಲು ನಿಮ್ಮದು ಬರೆದು ಮುಗಿಸಿ, ಆಮೇಲೆ ಅದನ್ನು ತೆರೆಯಿರಿ, ಅದೂ ಅವರು ಯಾವ ಕಾನೂನು ಪ್ರಶ್ನೆ ಎತ್ತಿದ್ದಾರೆ, ನಿಮ್ಮಲ್ಲಿ ಯಾವುದು ಬಿಟ್ಟುಹೋಗಿದೆ ಅಂತ ನೋಡಲು ಮಾತ್ರ.

ಬರೆಯುವಾಗ ಮೊದಲ ಕಾಲು ಗಂಟೆ ಟೈಪ್ ಮಾಡಬೇಡಿ. ಪ್ರಶ್ನೆ ಓದಿ, ಅದರಲ್ಲಿ ಕಾನೂನಿನ ಯಾವ ವಿಷಯಗಳು ಏಳುತ್ತವೆ ಅಂತ ಪಟ್ಟಿ ಮಾಡಿ. ಪೀಠಿಕೆ ಬೇಡವೇ ಬೇಡ. ವಿಷಯ, ನಿಯಮ, ಅನ್ವಯ (ನಿಯಮವನ್ನು ಕೊಟ್ಟ ಸಂಗತಿಗೆ ಹಚ್ಚುವುದು), ತೀರ್ಮಾನ: ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಐರ್ಯಾಕ್ ಅಂತ ಎಲ್ಲ ಕೋಚಿಂಗ್‌ನವರೂ ಹೇಳುವುದು ಇದನ್ನೇ. ಆದರೆ ಆ ನಾಲ್ಕಕ್ಕೂ ಸಮಪಾಲು ಅಲ್ಲ. ನಿಯಮಕ್ಕೆ ಎರಡು ಮೂರು ಸಾಲು ಸಾಕು, ಮಿಕ್ಕಿದ್ದೆಲ್ಲ ಅನ್ವಯಕ್ಕೆ. ಬರೆದಾದ ಮೇಲೆ ಪ್ರಶ್ನೆಪತ್ರಿಕೆ ತೆಗೆದು, ಉತ್ತರದಲ್ಲಿ ಬಳಸಿದ ಪ್ರತಿ ಸಂಗತಿಗೂ ಗೆರೆ ಹಾಕಿ. ಗೆರೆ ಬೀಳದೆ ಉಳಿದದ್ದನ್ನು ನೋಡಿ, ಅದು ಯಾಕೆ ಅಲ್ಲಿತ್ತು ಅಂತ ಕೇಳಿಕೊಳ್ಳಿ. ಸುಮ್ನೆ ಇಟ್ಟಿರುವುದು ಕಡಿಮೆ.

ನಮ್ಮ ಕಾನೂನು, ಅವರ ಕಾನೂನು ಬೇರೆಯಾಗುವ ಕಡೆಗಳನ್ನಷ್ಟೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ ಅಂದೆ. ಕರಾರಿನಲ್ಲಿ ಹಿಂದೆಯೇ ಮುಗಿದ ಉಪಕಾರ ನಮ್ಮಲ್ಲಿ ಪ್ರತಿಫಲ (ಕರಾರು ನಿಲ್ಲಲು ಬೇಕಾದ ಕೊಡುಕೊಳ್ಳುವಿಕೆ) ಆಗಬಹುದು, ಅಲ್ಲಿ ಸಾಮಾನ್ಯವಾಗಿ ಆಗದು. ವಸ್ತುಗಳ ಮಾರಾಟಕ್ಕೆ ಅಲ್ಲಿ ಯುಸಿಸಿ (ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಅನ್ನುವ ವ್ಯಾಪಾರ ಕಾನೂನು), ಸೇವೆಗೆ ಕಾಮನ್ ಲಾ (ಕೋರ್ಟ್ ತೀರ್ಪುಗಳಿಂದ ಬೆಳೆದ ಕಾನೂನು), ಅದನ್ನು ಶುರುವಿನಲ್ಲೇ ಹೇಳಬೇಕು. ಗಂಡ ಹೆಂಡತಿಯ ಕಮ್ಯುನಿಟಿ ಪ್ರಾಪರ್ಟಿ, ಅಂದರೆ ಮದುವೆಯ ನಂತರ ಗಳಿಸಿದ್ದು ಇಬ್ಬರಿಗೂ ಸೇರುವ ಪದ್ಧತಿ, ಗೋವಾ ಬಿಟ್ಟರೆ ನಮ್ಮಲ್ಲಿ ಇಲ್ಲ, ಆದ್ದರಿಂದ ಅದು ಅಷ್ಟು ಅಪಾಯವಲ್ಲ, ಹೊಸದಾಗಿ ಕಲಿತರಾಯಿತು. ಎಡವುವುದು ಹೋಲಿಕೆ ಇರುವ ಕಡೆ.

ಉತ್ತರ ತಿದ್ದಲು ಯಾರೂ ಇಲ್ಲ ಅಂದರು. "ನಿಮ್ಮ ಯಜಮಾನರಿಗೆ ಓದಲು ಕೊಡಿ." "ಅವರಿಗೆ ಕಾನೂನಿನ ಗಂಧಗಾಳಿ ಇಲ್ಲ ಮೇಡಂ, ಸಾಫ್ಟ್‌ವೇರ್‌ನವರು." ಅದೇ ಬೇಕಾಗಿದ್ದು. ಓದುತ್ತಾ ಓದುತ್ತಾ ಎಲ್ಲಿ "ಯಾಕೆ?" ಅನ್ನಿಸುತ್ತದೋ ಅಲ್ಲಿ ಅವರು ಒಂದು ಗುರುತು ಹಾಕಲಿ, ಅಷ್ಟು ಸಾಕು. ಮೊದಲ ವಾರ ಹಾಳೆ ತುಂಬ ಗುರುತು, ಜೊತೆಗೆ ಸಣ್ಣ ಜಗಳವೂ ಆಯಿತಂತೆ. "ಕೋರ್ಟಿನಲ್ಲಿ ಜಡ್ಜ್ ಯಾಕೆ ಅಂತ ಕೇಳಿದರೆ ಥಟ್ಟನೆ ಹೇಳುತ್ತಿದ್ದೆ, ಬರೆಯುವಾಗ ಕೇಳುವವರೇ ಇರುವುದಿಲ್ಲ ನೋಡಿ" ಅಂದರು ಆಮೇಲೆ.

ಅತ್ತೆಯ ಫೋನಿಗೆ ಉತ್ತರವನ್ನು ಇಬ್ಬರೂ ಸೇರಿ ಸಿದ್ಧ ಮಾಡಿಕೊಂಡೆವು. "ಒಂದ್ ಸಲ ಆಗ್ಲಿಲ್ರಿ ಅತ್ತಿ, ಮತ್ತ ಬರೀತೀನಿ, ಆದಾಗ ನಾನೇ ಫೋನ್ ಮಾಡ್ತೀನಿ." ಹೇಳಿದ ಮೇಲೆ ಅತ್ತೆ ಆ ಮಾತು ಬಿಟ್ಟು ಅಡುಗೆ ಏನು ಅಂತ ಕೇಳಿದರಂತೆ.

ಫೆಬ್ರವರಿಗೇ ಕೂರುತ್ತೇನೆ ಅಂತ ಹೊರಟಿದ್ದರು, ನಾನು ಬೇಡ ಅಂದೆ. ಟೈಪಿಂಗ್ ಇನ್ನೂ ಕೈಗೆ ಹತ್ತಿಲ್ಲ, ಹಠಕ್ಕೆ ಬಿದ್ದು ಇನ್ನೊಂದು ಫೇಲ್ ತರಿಸಿಕೊಳ್ಳುವುದು ಯಾಕೆ? ಈಗ ಜುಲೈ ಅಂತ ನಿರ್ಧಾರವಾಗಿದೆ. ಬೆಳಗ್ಗೆ ಅರ್ಧ ಗಂಟೆ ಟೈಪಿಂಗ್, ಆಮೇಲೆ ಗಡಿಯಾರ ಇಟ್ಟುಕೊಂಡು ಒಂದು ಎಸ್ಸೆ. ಗಂಟೆ ಮುಗಿದಾಗ ವಾಕ್ಯ ಅರ್ಧಕ್ಕೆ ನಿಂತಿದ್ದರೂ ಕೈ ತೆಗೆಯಬೇಕು ಅಂತ ಹೇಳಿದ್ದೇನೆ. ಅದೊಂದನ್ನು ಇನ್ನೂ ಪಾಲಿಸುತ್ತಿಲ್ಲ.