ಒಂದೇ ಸುಣ್ಣಕಲ್ಲಿನ ಊರು ಮತ್ತು ತೋಟ

ಪ್ರಶ್ನೆ: ಫ್ರಾನ್ಸಿನ ಸೇಂತ್-ಎಮಿಲಿಯೊಂ ಎಂಬ ಸಣ್ಣ ಪಟ್ಟಣವನ್ನು ಸುತ್ತಲಿನ ದ್ರಾಕ್ಷಿ ತೋಟಗಳ ಸಮೇತ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಊರಿಗೂ ತೋಟಕ್ಕೂ ಅಂಥ ನಂಟೇನು? ವೈನ್ ಕುಡಿಯದವರಿಗೆ ಅಲ್ಲಿ ನೋಡಲು ಏನಾದರೂ ಇದೆಯೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ನಂಟು ಇರುವುದು ನೆಲದಡಿಯ ಸುಣ್ಣಕಲ್ಲಿನಲ್ಲಿ. ಬೋರ್ಡೋ ನಗರದ ಪೂರ್ವಕ್ಕೆ, ದೊರ್ದೋನ್ ನದಿಯ ಬಯಲಿನ ಉತ್ತರಕ್ಕೆ ಎದ್ದಿರುವ ದಿಬ್ಬದ ಅಂಚಿನಲ್ಲಿ ಈ ಪಟ್ಟಣವಿದೆ. ದಿಬ್ಬದ ಒಳಗಿನಿಂದ ನೂರಾರು ವರ್ಷ ಕಲ್ಲು ತೆಗೆದು ಇಲ್ಲಿನ ಮನೆಗಳನ್ನೂ ಕೋಟೆಗೋಡೆಗಳನ್ನೂ ಅಲ್ಲದೆ ಬೋರ್ಡೋದ ಅನೇಕ ಕಟ್ಟಡಗಳನ್ನೂ ಕಟ್ಟಿದರು. ಹಾಗೆ ಬರಿದಾದ ಸುರಂಗಗಳು ವರ್ಷವಿಡೀ ತಂಪಾಗಿರುವುದರಿಂದ ಅವುಗಳಲ್ಲಿ ಹಲವು ವೈನಿನ ಉಗ್ರಾಣಗಳಾದವು. ಮೇಲ್ಗಡೆ ಅದೇ ಕಲ್ಲು ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬಳ್ಳಿಯ ಬೇರುಗಳಿಗೆ ಸ್ವಲ್ಪಸ್ವಲ್ಪವಾಗಿ ಒದಗಿಸುತ್ತದೆ. ಇಲ್ಲಿ ಹೆಚ್ಚಾಗಿ ಬೆಳೆಯುವ ದ್ರಾಕ್ಷಿ ತಳಿ ಮೆರ್ಲೋ, ಅದರ ಬಳಿಕ ಕಾಬೆರ್ನೆ ಫ್ರಾಂಕ್.

ಊರನ್ನೂ ತೋಟವನ್ನೂ ಬೆಸೆದ ಇನ್ನೊಂದು ಸಂಗತಿ ಆಡಳಿತ. 1199ರಲ್ಲಿ, ಆಗ ಈ ಪ್ರದೇಶಕ್ಕೂ ಒಡೆಯನಾಗಿದ್ದ ಇಂಗ್ಲೆಂಡಿನ ದೊರೆ ಜಾನ್ ನೀಡಿದ ಸನದಿನಿಂದ ಅಧಿಕಾರ ಪಡೆದ ‘ಜುರಾದ್’ ಎಂಬ ಸ್ಥಳೀಯರ ಸಭೆ, ಊರಿನ ವ್ಯವಹಾರದ ಜೊತೆಗೆ ವೈನಿನ ಗುಣಮಟ್ಟವನ್ನೂ ಕಾಯುತ್ತಿತ್ತು. ಫ್ರಾನ್ಸಿನ ಕ್ರಾಂತಿಯಲ್ಲಿ ಅಳಿದ ಈ ಸಭೆಗೆ 1948ರಲ್ಲಿ ಬೆಳೆಗಾರರೇ ಮರುಜೀವ ಕೊಟ್ಟರು. ಇಂದಿಗೂ ಸೆಪ್ಟೆಂಬರ್‌ನಲ್ಲಿ ಅದರ ಸದಸ್ಯರು ಕೆಂಪು ನಿಲುವಂಗಿ ತೊಟ್ಟು, ರಾಜನ ಗೋಪುರವನ್ನೇರಿ ಕೊಯ್ಲನ್ನು ಸಾರುತ್ತಾರೆ. 1999ರಲ್ಲಿ ಯುನೆಸ್ಕೊ ಮಾನ್ಯ ಮಾಡಿದ್ದು ಹಿಂದೆ ಈ ಸಭೆಯ ಅಧಿಕಾರಕ್ಕೆ ಒಳಪಟ್ಟಿದ್ದ ಎಂಟು ಗ್ರಾಮಗಳ ನೆಲವನ್ನು.

ವೈನ್ ಕುಡಿಯದವರೂ ಇಲ್ಲಿಗೆ ಅವಶ್ಯವಾಗಿ ಹೋಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. 8ನೇ ಶತಮಾನದಲ್ಲಿ ಬ್ರಿಟನಿ ಪ್ರಾಂತ್ಯದಿಂದ ಬಂದು ಗುಹೆಯೊಂದರಲ್ಲಿ ನೆಲೆಸಿದನೆನ್ನಲಾದ ಎಮಿಲಿಯೊಂ ಎಂಬ ಸನ್ಯಾಸಿಯಿಂದ ಊರಿಗೆ ಹೆಸರು ಬಂತು. ಆ ಗುಹೆಯ ಪಕ್ಕದಲ್ಲೇ 12ನೇ ಶತಮಾನದ ಆರಂಭದಲ್ಲಿ ಬಂಡೆಯನ್ನು ಒಳಗಿನಿಂದ ಕೊರೆದು, ಸುಮಾರು 38 ಮೀಟರ್ ಉದ್ದ, 12 ಮೀಟರ್ ಎತ್ತರದ ಚರ್ಚನ್ನು ರೂಪಿಸಿದರು. ಕಂಬ, ಗೋಡೆ, ಮೇಲ್ಛಾವಣಿ ಎಲ್ಲವೂ ಒಂದೇ ಬಂಡೆ. ಅದರ ನೆತ್ತಿಯ ಮೇಲೆ ಆಮೇಲೆ ಕಟ್ಟಿದ ಗಂಟೆಗೋಪುರದ ಭಾರವೂ ಕಲ್ಲಿಗಿಳಿದ ನೀರೂ ಸೇರಿ ಒಳಗಿನ ಕಂಬಗಳನ್ನು ದುರ್ಬಲಗೊಳಿಸಿದ್ದರಿಂದ, ಕೆಲವನ್ನು ಲೋಹದ ಪಟ್ಟಿಗಳಿಂದ ಬಿಗಿದು ಉಳಿಸಿಕೊಳ್ಳಬೇಕಾಯಿತು. ಚರ್ಚಿನ ಒಳಗೆ ಮಾರ್ಗದರ್ಶಕರೊಂದಿಗೆ ಮಾತ್ರ ಪ್ರವೇಶವಿರುವುದರಿಂದ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು.