ಗಂಡಿಲಿಯ ವಾಸನೆಗೆ ಮರಿ ಬೇಗ ಪ್ರಾಯಕ್ಕೆ ಬರುತ್ತದೆಯೇ?

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ, ಅಡಿಕೆ ತುಂಬಿದ್ದ ಹಳೆಯ ಗೋಣಿಚೀಲದ ಮಡಿಕೆಯಲ್ಲಿ ಇನ್ನೂ ಕಣ್ಣು ಬಿಡದ ಆರು ಇಲಿಮರಿಗಳು ಸಿಕ್ಕವು. ಗಂಡಿಲಿಯ ವಾಸನೆ ತಾಗಿದರೆ ಹೆಣ್ಣುಮರಿಗಳು ಬೇಗ ಬೆಳೆಯುತ್ತವೆ ಎಂದು ಜೀವಶಾಸ್ತ್ರ ಓದುತ್ತಿರುವ ಮಗಳು ಹೇಳುತ್ತಾಳೆ. ಇದು ನಿಜವೇ? ನಮ್ಮ ಅಟ್ಟದ ಗಬ್ಬುವಾಸನೆಯೂ ಅದೇ ಇರಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ತಮ್ಮ ಮಗಳ ಮಾತು ನಿಜ. ಆದರೆ ಇಲ್ಲಿ ‘ಬೆಳೆಯುವುದು’ ಎಂದರೆ ಮೈ ದಪ್ಪವಾಗುವುದಲ್ಲ, ಪ್ರಾಯಕ್ಕೆ ಬರುವುದು. ಬಲಿತ ಗಂಡಿಲಿ ಜೊತೆಯಲ್ಲಿದ್ದರೆ ಹೆಣ್ಣುಮರಿಗಳು ಬೇಗ ಬೆದೆಗೆ ಬರುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿ ಜಾನ್ ವಾಂಡನ್‌ಬರ್ಗ್ 1967ರಲ್ಲಿ ಪ್ರಕಟಿಸಿದರು. ಅದಕ್ಕೆ ಗಂಡಿಲಿಯೇ ಬೇಕೆಂದಿಲ್ಲ, ಅದರ ವಾಸನೆಯಷ್ಟೇ ಸಾಕು ಎಂಬುದು 1969ರ ಹೊತ್ತಿಗೆ ಅವರಿಗೆ ಸ್ಪಷ್ಟವಾಗಿತ್ತು. ಬೀಜ ಒಡೆದ ಗಂಡಿಲಿಯ ಮೂತ್ರಕ್ಕೆ ಈ ಗುಣವಿಲ್ಲವಾದ್ದರಿಂದ, ಇದರ ಹಿಂದೆ ಗಂಡು ಹಾರ್ಮೋನಿನ ಕೈವಾಡವಿದೆಯೆಂದು ತಿಳಿಯುತ್ತದೆ. ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು: ಹೆಣ್ಣಿಲಿಗಳೇ ಗುಂಪಾಗಿ ಒಂದೆಡೆ ಇದ್ದರೆ ಅವುಗಳ ಮೂತ್ರದ ವಾಸನೆ ಎಳೆಯ ಹೆಣ್ಣುಗಳ ಪ್ರಾಯವನ್ನು ಹಿಂದಕ್ಕೆ ತಳ್ಳುತ್ತದೆ. ಜಾಗ ಕಿಕ್ಕಿರಿದಿರುವಾಗ ಮರಿ ಹಾಕುವ ಆತುರ ಬೇಡವೆಂಬ ಲೆಕ್ಕಾಚಾರ ಇದೆಂದು ನನಗೆ ತೋರುತ್ತದೆ.

ವಾಸನೆ ಮೈಗೆ ಇಳಿಯುವ ದಾರಿ ಹೀಗಿದೆ. ಇಲಿಯ ಮೂಗಿನ ಒಳಗೆ ತಳಭಾಗದಲ್ಲಿ ಒಂದು ಪುಟ್ಟ ಅಂಗವಿದ್ದು, ಮೂತ್ರದಲ್ಲಿನ ಇಂಥ ಸುಳಿವುಗಳನ್ನು ಹಿಡಿಯುವುದೇ ಅದರ ಕೆಲಸ. ಅಲ್ಲಿಂದ ಹೊರಟ ಸಂದೇಶ ಮಿದುಳಿನ ಮೂಲಕ ಪಿಟ್ಯುಟರಿ ಗ್ರಂಥಿಯನ್ನು ಮುಟ್ಟಿ, ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳು ಏರುವಂತೆ ಮಾಡುತ್ತದೆ. ಆ ಅಂಗವನ್ನು ತೆಗೆದುಬಿಟ್ಟರೆ ಗಂಡಿನ ವಾಸನೆ ಎದುರಿಗಿದ್ದರೂ ಪ್ರಾಯ ಬೇಗ ಬರುವುದಿಲ್ಲ.

ತಾವು ಕಂಡ ಮರಿಗಳ ವಯಸ್ಸಿನಲ್ಲಿ ಲೆಕ್ಕಕ್ಕೆ ಬರುವುದು ಗಂಡಿನ ವಾಸನೆಯಲ್ಲ, ತಾಯಿಯದು. ಕಣ್ಣು ತೆರೆಯಲು ಸುಮಾರು ಎರಡು ವಾರ ಬೇಕಾದ ಈ ಮರಿಗಳು ಮೊಲೆತೊಟ್ಟನ್ನು ಮೂಗಿನಿಂದಲೇ ಹುಡುಕುತ್ತವೆ. ಪ್ರಯೋಗಾಲಯದ ದೊಡ್ಡ ಇಲಿಗಳ ಮೇಲೆ 1976ರಲ್ಲಿ ನಡೆದ ಪ್ರಯೋಗದಲ್ಲಿ ತಾಯಿಯ ತೊಟ್ಟುಗಳನ್ನು ಚೆನ್ನಾಗಿ ತೊಳೆದಾಗ ಮರಿಗಳು ಬಾಯಿ ಹಾಕಲಿಲ್ಲ. ತೊಳೆದ ದ್ರವದ ಸಾರವನ್ನು ಮತ್ತೆ ಸವರಿದಾಗ ಹಾಲು ಕುಡಿಯತೊಡಗಿದವು. ಇನ್ನೊಂದಷ್ಟು ದಿನ ಕಳೆದ ಮೇಲೆ ಇದೇ ಮರಿಗಳು ತಾಯಿಯ ಹಿಕ್ಕೆಯ ವಾಸನೆಗೆ ಆಕರ್ಷಿತವಾಗಿ ಅದನ್ನು ತಿನ್ನುತ್ತವೆ. ಕೇಳಲು ಅಸಹ್ಯವೆನಿಸಿದರೂ, ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳು ಅವುಗಳಿಗೆ ದೊರೆಯುವ ಒಂದು ದಾರಿ ಅದೇ.

ಇನ್ನು ಅಟ್ಟದ ವಾಸನೆಯ ವಿಚಾರ. ಇಲಿಯ ಮೂತ್ರದಲ್ಲಿರುವ ಪ್ರೋಟೀನುಗಳು ಆವಿಯಾಗುವ ವಾಸನೆಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದ, ಗೋಣಿಗೆ ಹತ್ತಿದ ಕಮಟು ಬೇಗನೆ ಹೋಗುವುದಿಲ್ಲ. ಆದರೆ ಮೂಗಿಗೆ ಘಮ್ಮೆಂದು ರಾಚುವ ಕಸ್ತೂರಿಯಂಥ ವಾಸನೆಯಾಗಿದ್ದರೆ ಅದು ಸೊಂಡಿಲಿಯದ್ದಿರಬಹುದು. ಗೋಡೆಯಂಚಿಗೆ ಕಿಚಕಿಚ ಎನ್ನುತ್ತ ಓಡುವ ಅದು ಹೆಸರಿಗೆ ಮಾತ್ರ ಇಲಿ. ಹುಳ, ಜಿರಲೆ ತಿಂದು ಬದುಕುವ ಬೇರೆಯೇ ಕುಲದ ಪ್ರಾಣಿಯಾದ್ದರಿಂದ, ಮೇಲೆ ಹೇಳಿದ ಯಾವ ಪ್ರಯೋಗವೂ ಅದಕ್ಕೆ ಅನ್ವಯಿಸುವುದಿಲ್ಲ.