ಹೊಸ ಪೈಪು ಹಾಕಿದರೂ ಕೊಳಕು ನೀರು ಯಾಕೆ?

ಪ್ರಶ್ನೆ: ನಮ್ಮ ಬಡಾವಣೆಗೆ ಹೊಸ ಪೈಪು ಹಾಕಿ ನಾಲ್ಕೇ ವರ್ಷ. ದಿನ ಬಿಟ್ಟು ದಿನ ನೀರು ಬರುತ್ತದೆ. ಮೊದಲ ಹತ್ತು ನಿಮಿಷ ಕೆಸರು, ಗಬ್ಬು ವಾಸನೆ. ಮತ್ತೆ ಹೊಸ ಲೈನ್ ಹಾಕಿ ಅಂತ ಸರ್ಕಾರವನ್ನು ಕೇಳಬೇಕಾ?

ಉತ್ತರ: ಬೇಡ. ದಯವಿಟ್ಟು ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಇವತ್ತು ಬಿಡಿಸಿ ಹೇಳುತ್ತೇನೆ. ನಿಮ್ಮ ಪೈಪು ಅರ್ಧ ಕಾಲ ಖಾಲಿ ಬಿದ್ದಿರುತ್ತದೆ. ರೋಗ ಇರುವುದು ಅಲ್ಲಿ.

ಪೈಪು ತುಂಬಿ ಒತ್ತಡ ಇದ್ದಾಗ, ಬಿರುಕಿದ್ದರೂ ನೀರು ಹೊರಗೆ ಸೋರುತ್ತದೆ ಅಷ್ಟೆ. ವಾಲ್ವ್ ಮುಚ್ಚಿದ ಮೇಲೆ ಒತ್ತಡ ಇಳಿಯುತ್ತದೆ. ಪಕ್ಕದ ಚರಂಡಿಯ ನೀರು ಅದೇ ಬಿರುಕಿನಿಂದ ಒಳಗೆ ಬರುತ್ತದೆ. ನಲ್ಲಿಗೆ ನೇರವಾಗಿ ಮೋಟಾರು ಹಚ್ಚಿ ಎಳೆಯುವವರು ಪಕ್ಕದ ಮನೆಯ ನೀರಿನ ಜೊತೆ ಮಣ್ಣಿನ ಕೊಚ್ಚೆಯನ್ನೂ ಎಳೆಯುತ್ತಾರೆ. ಖಾಲಿ ಪೈಪಿಗೆ ನೀರು ಒಮ್ಮೆಲೇ ನುಗ್ಗಿದರೆ ಗಾಳಿ, ನೀರಿನ ಹೊಡೆತಕ್ಕೆ ಜಾಯಿಂಟು ಸಡಿಲವಾಗುತ್ತದೆ. ನಾಳೆ ಹಾಕುವ ಪೈಪಿಗೂ ಇದೇ ಗತಿ.

ಪೈಪು ಸದಾ ತುಂಬಿರುವಂತೆ ದಿನವಿಡೀ ನೀರು ಬಿಡುವುದೇ ಇದಕ್ಕೆ ಮದ್ದು. ‘ದಿನವಿಡೀ ಬಿಡುವಷ್ಟು ನೀರೇ ಇಲ್ವಲ್ಲ’ ಅಂತೀರಿ. ಇರುವ ನೀರು ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ನೋಡಿ. ಕಾಂಬೋಡಿಯಾದ ನೋಮ್ ಪೆನ್ ನಗರದಲ್ಲಿ 1993ರಲ್ಲಿ ಬಿಟ್ಟ ನೀರಿನ ಸುಮಾರು ಶೇ 72 ಸೋರಿಕೆ, ಕಳ್ಳ ಸಂಪರ್ಕಗಳಲ್ಲಿ ಲೆಕ್ಕ ತಪ್ಪುತ್ತಿತ್ತು. ಎಕ್ ಸೊನ್ ಚಾನ್ ಎಂಬ ಅಧಿಕಾರಿಯ ಕೈಗೆ ಬಂದ ಸರ್ಕಾರಿ ಸಂಸ್ಥೆಯೇ ಅದನ್ನು ಶೇ 6ರ ಆಸುಪಾಸಿಗೆ ಇಳಿಸಿತು. ಹೊರಗಿನ ನೆರವಿನಿಂದ ಪೈಪೂ ಬದಲಾಯಿಸಿದರು, ನಿಜ. ಆದರೆ ಮೀಟರ್ ಕೂರಿಸಿದರು, ಸೋರಿಕೆ ಹುಡುಕುವ ತಂಡ ಇಟ್ಟರು, ದೊಡ್ಡವರಿಂದಲೂ ಬಿಲ್ ವಸೂಲಿ ಮಾಡಿದರು. ಈಗ ಅಲ್ಲಿ 24 ಗಂಟೆ ನೀರು.

ಹಾಗಾದರೆ ಸರ್ಕಾರವನ್ನು ಏನು ಕೇಳಬೇಕು? ನಿರ್ವಹಣೆಗೆ ಈ ವರ್ಷ ಎಷ್ಟು ದುಡ್ಡು ಇಟ್ಟಿದ್ದೀರಿ, ನಮ್ಮ ಬೀದಿಯ ವಾಲ್ವ್ ಎಲ್ಲಿದೆ, ಅದನ್ನು ಕೊನೆಗೆ ತಿರುಗಿಸಿ ನೋಡಿದ್ದು ಯಾವಾಗ ಅಂತ ಕೇಳಿ. ರಸ್ತೆಗೆ ಡಾಂಬರು ಹಾಕುವಾಗ ವಾಲ್ವಿನ ಮುಚ್ಚಳ ಹೂತುಹೋಗುತ್ತದೆ. ಅಗೆದು ನೋಡಿದರೆ ವಾಲ್ವ್ ತಿರುಗಿಸುವ ಸರಳು, ಅಂದರೆ ಸ್ಪಿಂಡಲ್, ತುಕ್ಕು ಹಿಡಿದು ಜಾಮ್. ಜಾಸ್ತಿ ಬಲ ಹಾಕಿದರೆ ಮುರಿಯುತ್ತದೆ. ಆಮೇಲೆ ಒಂದು ಬೀದಿಯ ಪೈಪು ಒಡೆದರೂ ಇಡೀ ಬಡಾವಣೆಗೆ ನೀರು ನಿಲ್ಲಿಸಬೇಕು. ಹೊಸ ಕಾಮಗಾರಿಗೆ ಉದ್ಘಾಟನೆ ಇದೆ, ವಾಲ್ವ್ ರಿಪೇರಿಗೆ ಇಲ್ಲ. ಅದಕ್ಕೇ ಮೊದಲ ಕತ್ತರಿ ನಿರ್ವಹಣೆಗೆ ಬೀಳುತ್ತದೆ. ಅಮೆರಿಕದ ಜಾಕ್ಸನ್ ನಗರದಲ್ಲಿ ವರ್ಷಗಟ್ಟಲೆ ರಿಪೇರಿ ಮುಂದೂಡಿದರು. 2022ರ ಆಗಸ್ಟ್‌ನಲ್ಲಿ ನದಿ ಉಕ್ಕಿದಾಗ ಶುದ್ಧೀಕರಣ ಘಟಕ ಕೈಕೊಟ್ಟಿತು. ಸುಮಾರು ಒಂದೂವರೆ ಲಕ್ಷ ಜನ ಶುದ್ಧ ನೀರಿಲ್ಲದೆ ಒದ್ದಾಡಿದರು.

ಸದ್ಯಕ್ಕೆ ಮೊದಲು ಬರುವ ನೀರು ಹಿಡಿಯಬೇಡಿ. ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ. ನಾನಂತೂ ತಿಳಿಯಾಗಿ ಕಂಡರೂ ನಂಬುವುದಿಲ್ಲ.

ಪ್ರಶ್ನೆ: ಕ್ಲೋರಿನ್ ವಾಸನೆ ಬಂದರೆ ನೀರು ವಿಷ ಅಲ್ವಾ?

ಉತ್ತರ: ಅಲ್ಲ. ರೋಗಾಣು ಕೊಲ್ಲಲು ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂಚೂರೂ ಉಳಿದಿಲ್ಲ ಅಂದರೆ ಆಗ ಹೆದರಿ.

ಪ್ರಶ್ನೆ: ಪೈಪಿಗೆ ಅಯಸ್ಕಾಂತ ಕಟ್ಟಿದರೆ ರೋಗಾಣು ಸಾಯುತ್ತವಂತೆ?

ಉತ್ತರ: ಶುದ್ಧ ಸುಳ್ಳು. ಮಾರುವವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ಪ್ರಶ್ನೆ: ಖಾಸಗಿಯವರಿಗೆ ವಹಿಸಿದರೆ ಸರ್ಕಾರದ ತಲೆನೋವು ತಪ್ಪುತ್ತದಾ?

ಉತ್ತರ: ತಪ್ಪುವುದಿಲ್ಲ. ಪೈಪು ಯಾರು ನೋಡಿಕೊಂಡರೂ ಜನರಿಗೆ ಉತ್ತರ ಕೊಡಬೇಕಾದದ್ದು ಸರ್ಕಾರವೇ. ಪ್ಯಾರಿಸ್ ನಗರ 2010ರಲ್ಲಿ ನೀರು ಪೂರೈಕೆಯನ್ನು ಖಾಸಗಿಯವರಿಂದ ವಾಪಸ್ ತೆಗೆದುಕೊಂಡಿತು.